ಸಿಂಚು, ಚೇತು ಇಬ್ಬರೂ ಒಂದೇ ಮನೆಯಲ್ಲಿ ಇರಲಿ

ಮ್ಯಾನ್‌ಹ್ಯಾಟನ್, ಕ್ಯಾನ್ಸಸ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಊಟ ತಿಂಡಿ ಸರಿಯಾಗಿ ನಡೆದಿದೆ, ಚಳಿಗೆ ದಪ್ಪ ಕೋಟು ತಗೊಂಡಿದ್ದೇನೆ. ಅಮ್ಮ ಚಿಂತೆ ಮಾಡುವುದು ಬೇಡ.

ಅಪ್ಪನ ಪತ್ರ ಓದಿದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ಫೋನಿನಲ್ಲಿ ಹೇಳಲು ಹೋದರೆ ಅಳು ಬಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡಪ್ಪ ಬಂದಾಗ ಇದನ್ನು ಪೂರ್ತಿ ಓದಿ ಹೇಳಿ.

ಮಂಜಣ್ಣ, ಅತ್ತಿಗೆ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಅವರ ಮಕ್ಕಳಿಬ್ಬರಲ್ಲಿ ಚೇತು ಚನ್ನಗಿರಿಗೆ ದೊಡ್ಡಪ್ಪನ ಹತ್ತಿರ, ಸಿಂಚು ಶಿಕಾರಿಪುರದ ಮಾವನ ಮನೆಗೆ ಅಂತ ಮಾತಾಗಿದೆಯಂತೆ. ದೊಡ್ಡಪ್ಪ ಪ್ರೀತಿಯಿಂದಲೇ ಕರೆದಿದ್ದಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ "ಹುಡುಗ ನಾಳೆ ತೋಟಕ್ಕೂ ಆಗ್ತಾನೆ" ಅಂದರು ಅಂತ ಬರೆದಿದ್ದೀರಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಕೇಳಿ.

ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಕಾನ್‌ಕಾರ್ಡಿಯಾ ಅಂತ ಸಣ್ಣ ಊರು. ಸುತ್ತ ಬರೀ ಗೋಧಿ, ಜೋಳ. ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋಳ ಬೆಳೆಯುವುದು ನಮ್ಮ ಕ್ಯಾನ್ಸಸ್ಸಿನಲ್ಲೇ, ಗೊತ್ತಾ ಅಪ್ಪ? ಆದರೆ ರೊಟ್ಟಿ ತಟ್ಟುವವರು ಯಾರೂ ಇಲ್ಲ. ದನಕ್ಕೆ ಹಾಕುತ್ತಾರೆ, ಎಥೆನಾಲ್ ಮಾಡುತ್ತಾರೆ. ನಾನು ತಟ್ಟಿದ ರೊಟ್ಟಿ ತಿಂದು ನಮ್ಮ ಪ್ರೊಫೆಸರು ಇನ್ನೊಂದು ಕೇಳಿ ಹಾಕಿಸಿಕೊಂಡರು! ಇರಲಿ. ಆ ಊರಿನ ಹಳೇ ರೈಲ್ವೆ ಸ್ಟೇಷನ್ನನ್ನು ಮ್ಯೂಸಿಯಂ ಮಾಡಿದ್ದಾರೆ. ಅನಾಥ ಮಕ್ಕಳ ರೈಲಿನ ಮ್ಯೂಸಿಯಂ. ಊರಿನ ಬೀದಿಗಳಲ್ಲೂ ಅಲ್ಲಲ್ಲಿ ಪುಟ್ಟ ಮಕ್ಕಳ ಕಂಚಿನ ಮೂರ್ತಿಗಳಿವೆ.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದು ಬರ ಬಂತಲ್ಲ, ಆಗ ಜನ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದರು. ಜರ್ಮನಿಯಿಂದಲೂ ಬಂದರು. ಕೆಲಸ ಇಲ್ಲ, ಕಾಯಿಲೆ ಬೇರೆ. ಎಷ್ಟೋ ಅಪ್ಪ ಅಮ್ಮಂದಿರು ಸತ್ತರು, ಬದುಕಿದ್ದ ಕೆಲವರಿಗೆ ಸಾಕುವ ಶಕ್ತಿ ಇರಲಿಲ್ಲ. ಮಕ್ಕಳು ಬೀದಿಯಲ್ಲಿ ಮಲಗತೊಡಗಿದರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಅನ್ನುವ ಪಾದ್ರಿ 1853ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಕಟ್ಟಿದರು. ಅನಾಥಾಲಯದ ಗೋಡೆಗಳ ನಡುವೆ ಬೆಳೆಯುವುದಕ್ಕಿಂತ ಹಳ್ಳಿಯ ರೈತರ ಮನೆಯಲ್ಲಿ ಒಳ್ಳೇ ಗಾಳಿ, ಹೊಟ್ಟೆ ತುಂಬ ಊಟ, ಒಂದು ಸಂಸಾರ ಸಿಗಲಿ ಅಂತ ಅವರ ಆಸೆ. 1854ರಲ್ಲಿ ಮೊದಲ ತಂಡ ಮಿಷಿಗನ್ನಿನ ಡೊವಾಜ್ಯಾಕಿಗೆ ಹೋಯಿತು. 1929ರ ತನಕ ಹೀಗೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊರಟರು.

ರೈಲು ಬರುವ ದಿನ ಊರಿನಲ್ಲಿ ಮೊದಲೇ ಚೀಟಿ ಅಂಟಿಸುತ್ತಿದ್ದರಂತೆ. ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ, ಚರ್ಚಿನಲ್ಲೋ ನಾಟಕದ ಹಾಲಿನಲ್ಲೋ ಸಾಲಾಗಿ ನಿಲ್ಲಿಸುವುದು. ರೈತರು ಬಂದು, ಸಂತೆಯಲ್ಲಿ ಹೋರಿ ನೋಡಿದ ಹಾಗೆ ಹಲ್ಲು ನೋಡಿ, ತೋಳು ಹಿಸುಕಿ ಆರಿಸಿಕೊಳ್ಳುತ್ತಿದ್ದರು. ಯಾರಿಗೂ ಬೇಡವಾದವರು ಮತ್ತೆ ರೈಲು ಹತ್ತಿ ಮುಂದಿನ ಊರಿಗೆ. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಸಾಕುತ್ತಿದ್ದ ನ್ಯೂಯಾರ್ಕಿನ ಕ್ರೈಸ್ತ ಸನ್ಯಾಸಿನಿಯರ ಫೌಂಡ್ಲಿಂಗ್ ಆಸ್ಪತ್ರೆಯವರು ಇದಕ್ಕಿಂತ ವಾಸಿ, ಮೊದಲೇ ಮನೆ ಗೊತ್ತು ಮಾಡಿ ಕಳಿಸುತ್ತಿದ್ದರು. ಆದರೂ ಮಗುವಿನ ಬಟ್ಟೆಗೆ ನಂಬರ್ ಹೊಲಿದಿರುತ್ತಿತ್ತು. ಕಾಯುತ್ತಿದ್ದವರ ಕೈಯಲ್ಲೂ ಅದೇ ನಂಬರ್.

ಅಕ್ಕ ತಮ್ಮಂದಿರನ್ನು ಒಟ್ಟಿಗೆ ತಗೊಂಡವರು ಕಡಿಮೆ.

ನಮ್ಮ ಪ್ರಯೋಗದ ಹೊಲ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದಾರೆ. ಅವರ ಅಜ್ಜ ಹಾಗೇ ರೈಲಿನಲ್ಲಿ ಬಂದ ಹುಡುಗ. ಜೊತೆಗೆ ತಂಗಿ. ಅಜ್ಜನನ್ನು ಈ ಕಡೆಯ ರೈತರೊಬ್ಬರು ಇಳಿಸಿಕೊಂಡರು, ತಂಗಿ ರೈಲಿನಲ್ಲೇ ಉಳಿದಳು. ಅವರ ಮನೆಯ ಹಳೇ ಕೊಟ್ಟಿಗೆಗೆ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲ ಹಿಂಬದಿ ತೋರಿಸಿದರು. ಮೊಳೆಯಿಂದ ಗೀಚಿದ ಸ್ಟೇಷನ್ ಹೆಸರುಗಳು, ಒಂದರ ಕೆಳಗೆ ಒಂದು. ಆ ಹಳಿಯ ಮೇಲೆ ಮುಂದೆ ಸಿಗುವ ಊರುಗಳು. ಅವಳು ಇವುಗಳಲ್ಲಿ ಯಾವುದೋ ಒಂದರಲ್ಲಿ ಇಳಿದಿರಬೇಕು ಅಂತ ಬರೆದುಕೊಂಡಿದ್ದು. ದೊಡ್ಡವರಾದ ಮೇಲೆ ಹೋಗಿ ವಿಚಾರಿಸಿ ಬಂದ ಊರಿಗೆ ಅಡ್ಡಗೆರೆ ಎಳೆದಿದ್ದಾರೆ. ಕೆಳಗಿನ ನಾಲ್ಕೈದು ಹೆಸರಿಗೆ ಗೆರೆ ಇಲ್ಲ. ಅಜ್ಜನನ್ನು ಸಾಕಿದವರು ಕೆಟ್ಟವರಲ್ಲವಂತೆ ಅಪ್ಪ. ಹೊಟ್ಟೆ ತುಂಬ ಹಾಕಿದರು, ಓದಿಸಿದರು. ತಂಗಿಯ ಮಾತು ಎತ್ತಿದರೆ ಮಾತ್ರ "ಮರೆತುಬಿಡು, ಸುಮ್ನೆ ಅಳಬೇಡ" ಅನ್ನುತ್ತಿದ್ದರಂತೆ.

ನಮ್ಮ ಮನೆಯಲ್ಲೂ ಈಗ ಮಕ್ಕಳ ಮುಂದೆ ಮಂಜಣ್ಣನ ಹೆಸರು ಎತ್ತಬೇಡಿ ಅನ್ನುತ್ತಿದ್ದಾರೆ ಅಂತ ಅಮ್ಮ ಹೇಳಿದ್ದರು. ಎತ್ತಲಿ ಅಮ್ಮ. ಅಳಲಿ. ಫೋಟೋ ಒಳಗಿಡಬೇಡಿ. ಅತ್ತಿಗೆಯ ಫೋನಿನಲ್ಲಿರುವ ವಿಡಿಯೋ ಯಾವುದನ್ನೂ ಅಳಿಸಬೇಡಿ.

ದೊಡ್ಡಪ್ಪ "ಕಷ್ಟದಲ್ಲಿ ಬೆಳೆದವರೇ ಗಟ್ಟಿಯಾಗೋದು" ಅನ್ನುತ್ತಾರೆ, ನನಗೆ ಗೊತ್ತು. ನಿಜ, 1859ರಲ್ಲಿ ಒಂದೇ ರೈಲಿನಲ್ಲಿ ಇಂಡಿಯಾನಾಕ್ಕೆ ಬಂದ ಇಬ್ಬರು ಹುಡುಗರಲ್ಲಿ ಆಂಡ್ರ್ಯೂ ಬರ್ಕ್ ಮುಂದೆ ನಾರ್ತ್ ಡಕೋಟಾದ ಗವರ್ನರ್ ಆದರು, ಜಾನ್ ಬ್ರೇಡಿ ಅಲಾಸ್ಕಾದ ಗವರ್ನರ್. ಇಲ್ಲಿನವರೂ ಹೆಮ್ಮೆಯಿಂದ ಹೇಳುತ್ತಾರೆ. ಎರಡು ಲಕ್ಷದಲ್ಲಿ ಇಬ್ಬರನ್ನು ಇಟ್ಟುಕೊಂಡು ನಮ್ಮ ಚೇತು ವಿಷಯ ತೀರ್ಮಾನ ಮಾಡೋಕಾಗಲ್ಲ ಅಲ್ವಾ? ಆ ಮಕ್ಕಳನ್ನು ನೋಡಲು ಸೊಸೈಟಿಯ ಏಜೆಂಟರಾದರೂ ಆಗಾಗ ಬರುತ್ತಿದ್ದರು, ಸರಿ ಇಲ್ಲದಿದ್ದರೆ ಬೇರೆ ಮನೆಗೆ ಬಿಡುತ್ತಿದ್ದರು. ನಮ್ಮಲ್ಲಿ? ಸ್ವಂತದವರ ಮನೆ ತಾನೇ ಅಂತ ಯಾರೂ ಹೋಗಿ ಕೇಳುವುದಿಲ್ಲ. ಅವನಿಗೆ ಇನ್ನೂ ಆರು ವರ್ಷ. ಶೂ ಲೇಸು ಕೂಡ ಸಿಂಚೂನೇ ಕಟ್ಟಬೇಕು.

ಈ ದೇಶದಲ್ಲೂ ಆಮೇಲೆ ಜನರ ಮನಸ್ಸು ತಿರುಗಿತು. ಮಕ್ಕಳನ್ನು ದೂರ ಕಳಿಸುವ ಬದಲು ಮನೆಯವರಿಗೇ ಹಣ ಕೊಟ್ಟು ಅಲ್ಲೇ ಉಳಿಸೋಣ ಅಂತ ಇಲಿನಾಯ್ 1911ರಲ್ಲಿ ಕಾನೂನು ಮಾಡಿತು. ನಾನು ಕೇಳುವುದೂ ಅಷ್ಟೇ. ನಿಮ್ಮ ಹತ್ತಿರ ಆಗಲಿ, ಚನ್ನಗಿರಿಯಲ್ಲಿ ಆಗಲಿ, ಶಿಕಾರಿಪುರದಲ್ಲಿ ಆಗಲಿ, ಯಾರ ಮನೆಯಾದರೂ ಸರಿ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಶಾಲೆಗೆ. ಖರ್ಚು ಪ್ರತಿ ತಿಂಗಳು ನಾನು ಕಳಿಸುತ್ತೇನೆ. ನನಗೇನೂ ಕಷ್ಟವಿಲ್ಲ, ನಿಜವಾಗಿ ಇಲ್ಲ, ಸಂಬಳದಲ್ಲಿ ಉಳಿಯುತ್ತದೆ. ಅಮ್ಮನ ಮಂಡಿ ನೋವಿಗೆ ಮನೆಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ, ಆ ದುಡ್ಡೂ ನನ್ನದೇ. ಮಂಜಣ್ಣನ ಅಡಿಕೆ ದುಡ್ಡು ಮಕ್ಕಳ ಹೆಸರಿನಲ್ಲೇ ಬ್ಯಾಂಕಿನಲ್ಲಿರಲಿ, ಯಾರೂ ಮುಟ್ಟುವುದು ಬೇಡ. ದೊಡ್ಡಪ್ಪನಿಗೆ ತೋಟಕ್ಕೆ ಆಳು ಬೇಕಿದ್ದರೆ ಅದಕ್ಕೂ ಏನಾದರೂ ದಾರಿ ನೋಡೋಣ.

ಬೇಜಾರು ಮಾಡಿಕೊಳ್ಳಬೇಡಿ ಅಂತ ದೊಡ್ಡಪ್ಪನಿಗೆ ಹೇಳಿ, ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು ಅವರು. ನನ್ನ ಮದುವೆ ವಿಷಯ ಆಮೇಲೆ ಮಾತಾಡೋಣ. ಹೊಲದಲ್ಲಿ ಕೊಯ್ಲು ನಡೆದಿದೆ, ಗಾಡಿ ಬಂತು, ಹೊರಟೆ. ಶಿಕಾರಿಪುರಕ್ಕೆ ಫೋನ್ ಮಾಡುವ ಮೊದಲು ನನಗೆ ಮಾಡಿ.

ನಿಮ್ಮ ಮಗಳು
ರೂಪಾ