ಗೇರ್ ಬಾಕ್ಸ್ ಇಳಿಸೋ ಮುಂಚೆ ಒಂದ್ಸಲ ಗಾಡಿ ಕೆಳಗೆ ಬಗ್ಗಿ ನೋಡು

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ, ಬೆಳಿಗ್ಗೆ ಕ್ಲಚ್ ಪೆಡಲ್ ಸಲೀಸಾಗಿ ನೆಲಕ್ಕೆ ಹೋಗುತ್ತದೆ, ನಾಲ್ಕು ಸಲ ಪಂಪ್ ಮಾಡಿದರೆ ಸ್ವಲ್ಪ ಹೊತ್ತು ಸರಿ ಇರುತ್ತದೆ. ಗ್ಯಾರೇಜಿನವನು ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಅಂದನಂತೆ. ಟೊಮೆಟೊ ಸೀಸನ್ನಿನಲ್ಲಿ ಗಾಡಿ ಮನೆ ಮುಂದೆ ನಿಂತರೆ ಏನು ಕಷ್ಟ ಅಂತ ನನಗೂ ಗೊತ್ತು. ಆದರೆ ತಡಿ, ಈಗಲೇ ಒಪ್ಪಬೇಡ.

ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದೆಯಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಸವೆದ ಪ್ಲೇಟ್ ಜಾರುತ್ತದೆ. ಲೋಡ್ ಹಾಕಿ ದಿಣ್ಣೆ ಹತ್ತಿಸಿದರೆ ಇಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ, ಸುಟ್ಟ ವಾಸನೆ ಬರುತ್ತದೆ. ನಿನ್ನ ಗಾಡಿಯ ಕಥೆ ಅದರ ಉಲ್ಟಾ, ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಕಟ್ ಆಗುತ್ತಿಲ್ಲ, ಅಂದರೆ ಇಂಜಿನ್ ಗೇರ್ ಬಾಕ್ಸನ್ನು ಪೂರ್ತಿ ಬಿಡುತ್ತಿಲ್ಲ. ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡು. ಆಗ ಎಲ್ಲಾ ಗೇರೂ ಮೆತ್ತಗೆ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಒದ್ದಾಡಿದರೆ ಗೇರ್ ಬಾಕ್ಸ್ ಮೇಲೆ ಅನುಮಾನ ಬೇಡ. ರಿವರ್ಸೇ ಮೊದಲು ಕೂಗುವುದು ಯಾಕೆ ಅಂದರೆ, ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ರಿವರ್ಸ್‌ಗೆ ಸಿಂಕ್ರೋ ರಿಂಗ್ (ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಉಂಗುರ) ಇರುವುದಿಲ್ಲ, ಕ್ಲಚ್ ಒಂಚೂರು ಹಿಡಿದಿದ್ದರೂ ಹಲ್ಲು ಹಲ್ಲು ಉಜ್ಜುತ್ತದೆ.

ನಿನ್ನ ಪಿಕಪ್‌ಗೆ ಕೇಬಲ್ ಇಲ್ಲ, ಆಯಿಲ್ ಕ್ಲಚ್. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡ ಪೈಪಿನಲ್ಲಿ ಕೆಳಗೆ ಬಂದು ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಾಡನ್ನು ಮುಂದಕ್ಕೆ ದೂಡುತ್ತದೆ, ರಾಡ್ ಕ್ಲಚ್ ಬಿಡಿಸುವ ಫೋರ್ಕನ್ನು ಒತ್ತುತ್ತದೆ. ನೋಡಬೇಕಾದ್ದು ಆ ರಾಡನ್ನೇ. ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಮಗನಿಗೆ ಪೆಡಲ್ ತುಳಿಯೋಕೆ ಹೇಳಿ ನೀನು ಟಾರ್ಚ್ ಹಿಡಿದು ಕೆಳಗೆ ಮಲಗು. ರಾಡ್ ಅಳ್ಳಾಡಿದ ಹಾಗೆ ಮಾಡಿ ನಿಂತುಬಿಟ್ಟರೆ ತೊಂದರೆ ಆಯಿಲ್ ಕಡೆಯದು. ಒಂದು ಸೆಂಟಿಮೀಟರಿಗೂ ಜಾಸ್ತಿ ಚೆನ್ನಾಗಿ ತಳ್ಳುತ್ತಿದ್ದರೂ ಗೇರ್ ಬೀಳದಿದ್ದರೆ ಮಾತ್ರ ಫೋರ್ಕ್, ಬೇರಿಂಗ್, ಪ್ರೆಷರ್ ಪ್ಲೇಟ್ ಅಂತ ಒಳಗಿನ ಮಾತು. ಅಮೆರಿಕದ ಹಳೇ ಫೋರ್ಡ್ ರೇಂಜರ್ ಪಿಕಪ್‌ಗಳಲ್ಲಿ ಸ್ಲೇವ್ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಒಳಗೇ ಕೂತಿರುತ್ತದೆ, ಅದು ಸೋರಿದರೆ ಗೇರ್ ಬಾಕ್ಸ್ ಇಳಿಸದೆ ವಿಧಿಯಿಲ್ಲ. ನಿನ್ನ ಪುಣ್ಯ, ನಿನ್ನದು ಹೊರಗಿದೆ.

ಅಲ್ಲೇ ಮಲಗಿರುವಾಗ ಸ್ಲೇವ್‌ನ ರಬ್ಬರ್ ಬೂಟನ್ನು ಬೆರಳಲ್ಲಿ ಸರಿಸು. ಒಳಗೆ ಒದ್ದೆಯಾಗಿದ್ದರೆ, ಕಪ್ಪಗೆ ಜಿಡ್ಡು ಇಳಿದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ. ಹೊರಗಿಂದ ನೋಡಿದರೆ ಬೂಟು ಒಣಗಿಯೇ ಇರುತ್ತದೆ, ಅದಕ್ಕೇ ಎಷ್ಟೋ ಜನ ಮೋಸ ಹೋಗುತ್ತಾರೆ. ಆಮೇಲೆ ಕ್ಯಾಬಿನ್ನಿಗೆ ಬಂದು ಪೆಡಲ್ ಮೇಲ್ಗಡೆ, ಮಾಸ್ಟರಿನ ರಾಡ್ ಬರುವ ಜಾಗ ಮುಟ್ಟು. ಅಲ್ಲಿ ಜಿನುಗಿದ ಆಯಿಲ್ ಮ್ಯಾಟ್ ಕೆಳಗೆ ಸೇರಿಕೊಂಡು ಬಣ್ಣ ಎಬ್ಬಿಸಿರುತ್ತದೆ.

ಎಲ್ಲೂ ಸೋರಿಕೆ ಇಲ್ಲ, ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯ ಮಟ್ಟವೂ ಇಳಿದಿಲ್ಲ ಅಂದರೆ? ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಪೆಡಲ್ ಒತ್ತಿಹಿಡಿದಾಗ ಗಾಡಿ ತಾನಾಗಿ ಮುಂದಕ್ಕೆ ತೆವಳೋಕೆ ಶುರು ಮಾಡುತ್ತದಾ ನೋಡು. ಹಾಗಿದ್ದರೆ ಹೆಚ್ಚಾಗಿ ಮಾಸ್ಟರ್ ಒಳಗಿನ ಸೀಲ್ ದಾಟಿ ಆಯಿಲ್ ವಾಪಸ್ ಹೋಗುತ್ತಿದೆ. ಹಳೇ ರಬ್ಬರ್ ಹೋಸ್ ತುಳಿದಾಗಲೆಲ್ಲ ಉಬ್ಬುವುದೂ ಉಂಟು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಆಯಿಲ್ ವಿಷಯದಲ್ಲಿ ಚೌಕಾಸಿ ಬೇಡ. ಡಬ್ಬಿಯ ಮುಚ್ಚಳದಲ್ಲಿ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ನೋಡಿ ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್ಲೇ ತಾ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಅರ್ಧ ಉಳಿದ ಹಳೇ ಬಾಟಲಿ ಪ್ರಯೋಜನವಿಲ್ಲ. ಅರ್ಜೆಂಟು ಅಂತ ಇಂಜಿನ್ ಆಯಿಲ್ ಸುರಿದೆಯೋ, ಎಲ್ಲಾ ರಬ್ಬರೂ ಉಬ್ಬಿ ಎರಡೂ ಸಿಲಿಂಡರ್ ಕೆಡುತ್ತವೆ. ಬ್ರೇಕ್ ಆಯಿಲ್ ಗಾಡಿಯ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕು.

ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಮಗ ಪೆಡಲ್ ತುಳಿದು ಹಿಡಿಯಲಿ, ನೀನು ಸ್ಲೇವ್ ಮೇಲಿನ ನಿಪ್ಪಲ್ ಸಡಿಲಿಸು, ಗುಳ್ಳೆ ಬಂದ ಮೇಲೆ ಬಿಗಿ ಮಾಡು, ಆಮೇಲೇ ಅವನು ಕಾಲು ತೆಗೆಯಬೇಕು. ಡಬ್ಬಿ ಖಾಲಿಯಾಗದಂತೆ ನೋಡಿಕೋ, ಇಲ್ಲದಿದ್ದರೆ ಮತ್ತೆ ಮೊದಲಿಂದ. ಏರ್ ತೆಗೆದು ವಾರದೊಳಗೆ ಪೆಡಲ್ ಮತ್ತೆ ಮೆತ್ತಗಾದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಅಂತ ಅರ್ಥ. ಆಗ ಬರೀ ವಾಷರ್ ಕಿಟ್ (ಸಿಲಿಂಡರಿನ ಒಳಗಿನ ರಬ್ಬರ್ ಸೀಲುಗಳು) ಹಾಕಿಸಬೇಡ, ಒಳಗೆ ತುಕ್ಕು ಗೀರು ಬಿದ್ದ ಸಿಲಿಂಡರಿಗೆ ಕಿಟ್ ಜಾಸ್ತಿ ದಿನ ನಿಲ್ಲಲ್ಲ. ದುಡ್ಡಿದ್ದರೆ ಮಾಸ್ಟರ್, ಸ್ಲೇವ್ ಎರಡನ್ನೂ ಒಟ್ಟಿಗೆ ಬದಲಿಸು, ನನ್ನ ಪ್ರಕಾರ ಅದೇ ಅಗ್ಗ.

ರಾಡ್ ಎಷ್ಟು ಓಡುತ್ತದೆ ಅಂತ ವಿಡಿಯೋ ಮಾಡಿ ಕಳಿಸು. ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿ.