ಆರು ತುಂಬಿದ ಮಗು ಎಲ್ಲಿಗೆ ಹೋಗಬೇಕು? ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ನಮ್ಮ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಕೂಲಿಯವರ ಮನೆಯ ಮೂರು ವರ್ಷದ ಮಗುವಿಗೆ ಕಾಸು ಕೇಳದೆ ಬಾಗಿಲು ತೆರೆಯುವ ಜಾಗ ಬಹುತೇಕ ಊರುಗಳಲ್ಲಿ ಇವತ್ತಿಗೂ ಅದೊಂದೇ. ಆ ಬಾಗಿಲಿಗೂ ಒಂದನೇ ತರಗತಿಯ ಬಾಗಿಲಿಗೂ ನಡುವೆ ಒಂದು ಹಳ್ಳ ಬಿದ್ದಿದೆ. ಅದನ್ನು ನಿಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ಶಿಕ್ಷಣ ಇಲಾಖೆಯ ನಿಯಮ. 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದ್ದು ಆ ಒಂದು ಸಾಲಿನ ಸಡಿಲಿಕೆ. ಇತ್ತ ಅಂಗನವಾಡಿಯ ಫಲಾನುಭವಿ ಎಂದರೆ 6 ವರ್ಷದೊಳಗಿನ ಮಗು. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನಿಯಮ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜುಲೈ 10ರಂದು ಹುಟ್ಟಿದ ಮಗುವಿಗೆ ಜೂನ್ 1ಕ್ಕೆ 5 ವರ್ಷ 10 ತಿಂಗಳು ದಾಟಿರುತ್ತದೆ, ಶಾಲೆ ಸೇರಿಸಿಕೊಳ್ಳುವುದಿಲ್ಲ. ಇನ್ನು ನಲವತ್ತು ದಿನಕ್ಕೆ ಆರು ತುಂಬಿತು, ಅಂಗನವಾಡಿ ಪಟ್ಟಿಯಿಂದಲೂ ಹೊರಗೆ. ಮುಂದಿನ ಜೂನ್‌ವರೆಗೆ ಹತ್ತು ತಿಂಗಳಿಗೂ ಹೆಚ್ಚು ಕಾಲ ಆ ಮಗು ಯಾವ ಇಲಾಖೆಯ ಲೆಕ್ಕಕ್ಕೂ ಸಿಗುವುದಿಲ್ಲ.

ದುಡ್ಡಿದ್ದವರಿಗೆ ಯುಕೆಜಿ ಇದೆ. ಎಲ್‌ಕೆಜಿ, ಯುಕೆಜಿ ಇರುವ ಸರ್ಕಾರಿ ಶಾಲೆ ಎಲ್ಲ ಊರಲ್ಲೂ ಇಲ್ಲ. ಗಾರೆ ಕೆಲಸದವರ, ಗಾರ್ಮೆಂಟ್ಸ್‌ಗೆ ಹೋಗುವವರ ಮಗು ಅಂಗನವಾಡಿಗೇ ಬಂದು ನಿಲ್ಲುತ್ತದೆ. ಬಾಗಿಲಿಗೆ ಬಂದ ಮಗುವನ್ನು ವಾಪಸ್ ಕಳಿಸಲು ಯಾವ ಕಾರ್ಯಕರ್ತೆಗೂ ಮನಸ್ಸಾಗುವುದಿಲ್ಲ. ಆದರೆ ಅದರ ಪಾಲಿನ ಅಕ್ಕಿ, ಬೇಳೆ, ಹಾಲಿನಪುಡಿ, ಮೊಟ್ಟೆ ಬಂದಿರುವುದಿಲ್ಲ. ಮೊಟ್ಟೆ ಕೊಡುವ ದಿನ ಇಪ್ಪತ್ತು ಮೊಟ್ಟೆ, ಇಪ್ಪತ್ತೊಂದು ತಟ್ಟೆ. ಕೊನೆಗೆ ಎರಡು ತಟ್ಟೆಗೆ ಅರ್ಧರ್ಧ ಮೊಟ್ಟೆ ಬೀಳುತ್ತದೆ.

ತಾಯಂದಿರು ಇದನ್ನು ಮೊದಲೇ ಲೆಕ್ಕ ಹಾಕುತ್ತಾರೆ. ಹೇಗಿದ್ದರೂ ಐದೂಮುಕ್ಕಾಲಿಗೆ ಅಲೆಯಬೇಕಲ್ಲ ಎಂದು ನಾಲ್ಕಕ್ಕೇ ಸಂಘದಲ್ಲಿ ಸಾಲ ಎತ್ತಿ ಎಲ್‌ಕೆಜಿಗೆ ಸೇರಿಸುತ್ತಾರೆ. ಅಂಗನವಾಡಿಯ ದಾಖಲಾತಿ ಕುಸಿದಾಗ ಅದಕ್ಕೆ ‘ಕಾನ್ವೆಂಟ್ ವ್ಯಾಮೋಹ’ ಎಂದು ಹೆಸರಿಟ್ಟು ಸುಮ್ಮನಾಗುವುದು ಆ ತಾಯಂದಿರಿಗೆ ಮಾಡುವ ಅನ್ಯಾಯ.

ಕಲಿಕೆಯ ಮಾತಿಗೆ ಬಂದರೆ, ಅಳೆಯುವ ಬಗೆಯೇ ತಪ್ಪಿದೆ. ಐವತ್ತರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿನ ಮುಂದೆ ಒಂದು ಹಿಡಿ ಹುಣಸೆ ಬೀಜ ಸುರಿದು ‘ಇದರಲ್ಲಿ ಏಳು ಕೊಡು’ ಎಂದು ಕೇಳಿ. ಬಹಳಷ್ಟು ಮಕ್ಕಳು ಕೈಗೆ ಸಿಕ್ಕಷ್ಟು ಎತ್ತಿ ಕೊಡುತ್ತಾರೆ. ಒಂದು ಬೀಜಕ್ಕೆ ಒಂದೇ ಎಣಿಕೆ, ಏಳಕ್ಕೆ ನಿಲ್ಲಬೇಕು ಎಂಬುದು ಬಾಯಿಪಾಠದಿಂದ ಬರುವುದಲ್ಲ, ದಿನಾ ಬೀಜ ಮುಟ್ಟಿ ಬೇರ್ಪಡಿಸಿದರೆ ಬರುತ್ತದೆ. ಬರವಣಿಗೆಯೂ ಹಾಗೆಯೇ. ಮಣಿಕಟ್ಟು ಬಲಿಯದ ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟರೆ ಮಗು ಮುಷ್ಟಿ ಕಟ್ಟಿ ಹಿಡಿಯುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಗೀಚಿಸುವುದು, ಮಣ್ಣು ಕಲಸುವುದು, ಮಣಿ ಪೋಣಿಸುವುದು ಮೊದಲು ಆಗಬೇಕು. ಅಂಗನವಾಡಿಯ ಶಾಲಾಪೂರ್ವ ಕಲಿಕೆಯ ಪುಸ್ತಕ ‘ಚಿಲಿಪಿಲಿ’ಯ ಚಟುವಟಿಕೆಗಳು ಇರುವುದು ಇದಕ್ಕಾಗಿಯೇ. ಪುಸ್ತಕದಲ್ಲಿ ಕೊರತೆಯಿಲ್ಲ, ಸಮಯದ್ದೇ ಕೊರತೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಮಕ್ಕಳು ಚುರುಕಾಗಿರುವ ಹೊತ್ತು. ಅಂಗನವಾಡಿಯ ದಾಖಲೆ ಇಡುವ ‘ಪೋಷಣ್ ಟ್ರ್ಯಾಕರ್’ ಮೊಬೈಲ್ ಆ್ಯಪ್‌ಗೆ ಫೋಟೊ, ಹಾಜರಿ, ಮೇಲಿನಿಂದ ಬರುವ ಕರೆ, ಮತದಾರರ ಪಟ್ಟಿಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಎಲ್ಲವೂ ಬಂದು ಬೀಳುವುದು ಅದೇ ಹೊತ್ತಿಗೆ. ಸಹಾಯಕಿ ಒಲೆಯ ಮುಂದೆ, ಕಾರ್ಯಕರ್ತೆಯ ಕಣ್ಣು ಮೊಬೈಲ್ ಮೇಲೆ, ಮಕ್ಕಳು ಗೋಡೆಗೆ ಒರಗಿ ಕೂತಿರುತ್ತಾರೆ.

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳ (ಆದಿವಾಸಿಗಳ ಊರುಗಳ) ಕಥೆ ಇನ್ನೊಂದು. ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ಕುಟುಂಬದ ಮಗುವಿನ ಹೆಸರು ಇಲ್ಲಿ, ಮಗು ಅಲ್ಲಿ. ಟ್ರ್ಯಾಕರ್‌ನಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಆದರೆ ತೋಟದಲ್ಲಿ ಕೂಲಿಯವರು ಉಳಿಯುವ ಲೈನ್‌ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ಹೊರಡುವ ಮುಂಚೆ ತಾಯಿಗೆ ಹೇಳುವವರಿಲ್ಲ. ಆ ಹಾಡಿಗಳ ಮೇಲ್ವಿಚಾರಕಿಯರು ನವೆಂಬರ್‌ನಲ್ಲೇ ಪಟ್ಟಿ ಮಾಡಿ ಕೊಡಗಿನವರಿಗೆ ಫೋನ್ ಮಾಡಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಅನುದಾನವೇನೂ ಬೇಕಿಲ್ಲ.

ಹಳ್ಳ ಮುಚ್ಚಲು ಮಾತ್ರ ನಿಮ್ಮ ಆದೇಶವೇ ಬೇಕು. ಜೂನ್ 1ರ ನಂತರ ಆರು ತುಂಬುವ ಮಗು ಮುಂದಿನ ಮೇ ಕೊನೆಯವರೆಗೆ ಅದೇ ಅಂಗನವಾಡಿಯಲ್ಲಿ, ಅದೇ ಆಹಾರದೊಂದಿಗೆ ಮುಂದುವರಿಯಲಿ. ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗುವವರೆಗೆ ಈ ಕೆಲವು ಮಕ್ಕಳ ಖರ್ಚನ್ನು ಜಿಲ್ಲೆಯಲ್ಲೇ ಹೊಂದಿಸಲು ಸೂಚಿಸಿ. ಹತ್ತರಿಂದ ಹನ್ನೆರಡರವರೆಗೆ ಕಾರ್ಯಕರ್ತೆಗೆ ಯಾರೂ ಕರೆ ಮಾಡಬಾರದು, ಬೇರೆ ಕೆಲಸ ಹಚ್ಚಬಾರದು ಎಂದು ಲಿಖಿತವಾಗಿ ಹೊರಡಿಸಿ. ಬಾಯಿಮಾತಿನ ಸೂಚನೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ದಾಟುವುದಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಕಾರ್ಯಕರ್ತೆ ಮತ್ತು ಪಕ್ಕದ ಶಾಲೆಯ ಮುಖ್ಯ ಶಿಕ್ಷಕರು ಒಟ್ಟಿಗೆ ಕೂತು ಹುಟ್ಟಿದ ದಿನಾಂಕದ ಪ್ರಕಾರ ಎರಡು ಪಟ್ಟಿ ಮಾಡಬೇಕು: ಈ ಜೂನ್‌ಗೆ ಶಾಲೆಗೆ ಹೋಗುವವರು, ಮುಂದಿನ ಜೂನ್‌ವರೆಗೆ ಅಂಗನವಾಡಿಯಲ್ಲಿ ಇರುವವರು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ, ಅದನ್ನೂ ಸುತ್ತೋಲೆಯಲ್ಲಿ ಸೇರಿಸಿ. ಎರಡನೇ ಪಟ್ಟಿಯಲ್ಲಿ ಜಿಲ್ಲೆಯ ಎಷ್ಟು ಮಕ್ಕಳಿದ್ದಾರೆ ಎಂಬ ಸಂಖ್ಯೆಯನ್ನು ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನೆಗೆ ನಡೆಯುವ ಮುಂದಿನ ಕೆಡಿಪಿ ಸಭೆಯಲ್ಲಿ ಎರಡೂ ಇಲಾಖೆಯ ಉಪನಿರ್ದೇಶಕರನ್ನು ಒಟ್ಟಿಗೆ ನಿಲ್ಲಿಸಿ ಕೇಳಿ.

ಇಂತಿ,
ಅಂಗನವಾಡಿ ಮಕ್ಕಳ ಕಲಿಕೆಯ ಕೆಲಸದಲ್ಲಿರುವವರು,
ಮೈಸೂರು