920 ರೂಪಾಯಿ ಕಟ್ಟಿದೆ, ಸಾಲ ಜಾಸ್ತಿಯಾಯಿತು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಈ ಪುಟದಲ್ಲಿ ಹಿರಿಯರೊಬ್ಬರು, ಕಾಲೇಜು ಹುಡುಗರಿಗೆ ಕ್ರೆಡಿಟ್ ಕಾರ್ಡ್ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಎಂದು ಬರೆದಿದ್ದರು. ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಆ ಮಂಗಗಳಲ್ಲಿ ನಾನೂ ಒಬ್ಬಳು. ಕಾರ್ಡೇ ಕೊಡಬೇಡಿ ಅಂದರೆ ನಾನು ಒಪ್ಪುವುದಿಲ್ಲ. ಲೆಕ್ಕ ಹೇಳದೆ ಕೊಡಬೇಡಿ ಅನ್ನಿ, ನಿಮ್ಮ ಜೊತೆ ನಾನೂ ಇದ್ದೇನೆ.

ನಾನು ಧಾರವಾಡದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಹೋದ ವರ್ಷ ಕಾಲೇಜಿನ ಗೇಟಿನ ಹತ್ತಿರ ಒಂದು ಬ್ಯಾಂಕಿನವರು ಟೇಬಲ್ ಹಾಕಿಕೊಂಡು ಕೂತಿದ್ದರು. ಅರ್ಜಿ ತುಂಬಿದವರಿಗೆ ಒಂದು ಬ್ಯಾಗು. ನಮಗೆ ಸಂಬಳ ಇಲ್ಲವಲ್ಲ, ಅದಕ್ಕೆ ಎಫ್‌ಡಿ (ನಿಶ್ಚಿತ ಠೇವಣಿ) ಇಟ್ಟರೆ ಅದರ ಮೇಲೆ ಕಾರ್ಡ್ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಮೊದಲ ಕಾರ್ಡಿಗೆ ಇದೇ ಒಳ್ಳೆಯ ದಾರಿ, ಯಾಕೆಂದರೆ ಕಾರ್ಡಿನಲ್ಲಿ ಖರ್ಚು ಮಾಡಬಹುದಾದ ಮಿತಿ ಸಾಮಾನ್ಯವಾಗಿ ಇಟ್ಟ ದುಡ್ಡನ್ನು ದಾಟುವುದಿಲ್ಲ. ನಾನು ಟ್ಯೂಷನ್ ಹೇಳಿ ಕೂಡಿಸಿದ್ದ 25,000 ಇಟ್ಟೆ, 20,000 ಮಿತಿ ಸಿಕ್ಕಿತು. ಜುಲೈ 5ಕ್ಕೆ 18,400 ರೂಪಾಯಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡೆ. 20ಕ್ಕೆ ಬಿಲ್ ಬಂತು, ಆಗಸ್ಟ್ 8 ಕೊನೆಯ ದಿನ. ಅದರಲ್ಲಿ ಎರಡು ಸಾಲು: ಪೂರ್ತಿ ಬಾಕಿ 18,400, ಕನಿಷ್ಠ ಬಾಕಿ 920. ಟೇಬಲಿನ ಹುಡುಗ 'ಮಿನಿಮಮ್ ಕಟ್ಟಿದ್ರೆ ಸಾಕು ಮೇಡಂ, ಏನೂ ಆಗಲ್ಲ' ಅಂದಿದ್ದ. 8ನೇ ತಾರೀಖೇ 920 ಕಟ್ಟಿದೆ. ಬಿಲ್ ಕಟ್ಟಿ ಆಯಿತು ಅಂದುಕೊಂಡು ಮಲಗಿದೆ.

ಆಗಸ್ಟ್ 20ರ ಬಿಲ್: 18,614.

ಕಟ್ಟಿದ ಮೇಲೂ ಬಾಕಿ ಮೊದಲಿಗಿಂತ 214 ರೂಪಾಯಿ ಜಾಸ್ತಿ! ತಪ್ಪಾಗಿದೆ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಕೂಡ ಆಡಿದೆ. ತಪ್ಪಾಗಿರಲಿಲ್ಲ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಪೂರ್ತಿ ಕಟ್ಟಿದ್ದರೆ ಒಂದು ಪೈಸೆ ಬಡ್ಡಿ ಇರುತ್ತಿರಲಿಲ್ಲ. ಸ್ವಲ್ಪ ಉಳಿಸಿಕೊಂಡರೂ ಬಡ್ಡಿ ಶುರುವಾಗುವುದು ಕೊನೆಯ ದಿನದಿಂದ ಅಲ್ಲ, ವಸ್ತು ಕೊಂಡ ದಿನದಿಂದ. ಹಾಗಾಗಿ ಪೂರ್ತಿ 18,400ರ ಮೇಲೆ 34 ದಿನ, ಉಳಿದ 17,480ರ ಮೇಲೆ ಇನ್ನೂ 12 ದಿನ. ಸೇರಿ 961 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಅಂತ 173. ನಾನು ಕಾಮರ್ಸ್ ವಿದ್ಯಾರ್ಥಿನಿ ಅನ್ನುವುದನ್ನು ಇಲ್ಲಿ ದಯವಿಟ್ಟು ಮರೆತುಬಿಡಿ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಹಳೇ ಬಾಕಿ ಇರುವಾಗ ಹೊಸದಾಗಿ ಏನೇ ಕೊಂಡರೂ ಅದಕ್ಕೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಅವತ್ತಿನಿಂದಲೇ ಮೀಟರ್ ಓಡುತ್ತದೆ. ನನ್ನದು ರುಪೇ ಕಾರ್ಡ್, ಯುಪಿಐಗೆ ಜೋಡಿಸಿಕೊಂಡಿದ್ದೆ. ಗಿರಮಿಟ್ಟು ತಿಂದು ಕ್ಯೂಆರ್ ಸ್ಕ್ಯಾನ್ ಮಾಡುವಾಗ ಸಾಲ ಮಾಡುತ್ತಿದ್ದೇನೆ ಅಂತ ಯಾರಿಗಾದರೂ ಅನ್ನಿಸುತ್ತದಾ? ಖಾತೆಯ ದುಡ್ಡು ಹೋದ ಹಾಗೇ ಸದ್ದು, ಅದೇ ಹಸಿರು ಟಿಕ್ ಮಾರ್ಕು.

ಕೊನೆಗೆ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನದು ಕಿರಾಣಿ ಅಂಗಡಿ. ಗೋಡೆಯ ಮೇಲೆ 'ಇಂದು ನಗದು ನಾಳೆ ಉದ್ರಿ' ಬೋರ್ಡು, ಗಲ್ಲಾದ ಕೆಳಗೆ ದಪ್ಪನೆಯ ಉದ್ರಿ ವಹಿ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಬಿಲ್ ನೋಡಿ, 'ವರ್ಷಕ್ಕ ನೂರಕ್ಕ ನಲವತ್ತೆರಡಾ? ಉದ್ರಿ ಮ್ಯಾಲೆ ನಾ ಇಷ್ಟು ಬಡ್ಡಿ ಹಾಕಿದ್ರ ಊರಾಗ ಯಾರೂ ನನ್ನ ಮಾತಾಡ್ಸೂದಿಲ್ಲವಾ' ಅಂದರು. ಅರ್ಧ ಅವರು ಕೊಟ್ಟರು, ಉಳಿದದ್ದು ನನ್ನ ಟ್ಯೂಷನ್ ದುಡ್ಡು, ಎರಡು ತಿಂಗಳಲ್ಲಿ ತೀರಿತು. ಸಿಬಿಲ್ ಸ್ಕೋರ್ ಅಂದರೇನು ಅಂತ ಅಪ್ಪನಿಗೆ ವಿವರಿಸುವ ಕಷ್ಟವೇ ಆಗಲಿಲ್ಲ. ಯಾರು ಒಂದನೇ ತಾರೀಖು ಲೆಕ್ಕ ಚುಕ್ತಾ ಮಾಡುತ್ತಾರೆ, ಯಾರು ಅಂಗಡಿ ಕಂಡರೆ ಓಣಿ ಬದಲಿಸುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಬ್ಯಾಂಕುಗಳು ಕೊಡುವ ಲೆಕ್ಕ ನೋಡಿ ಸಿಬಿಲ್ ಎಂಬ ಸಂಸ್ಥೆ ಅದನ್ನೇ 300ರಿಂದ 900ರವರೆಗಿನ ಒಂದು ಅಂಕಿ ಮಾಡಿ ಇಟ್ಟುಕೊಂಡಿದೆ, ಅಷ್ಟೆ. ನಾಳೆ ಮನೆ ಸಾಲಕ್ಕೋ ಗಾಡಿ ಸಾಲಕ್ಕೋ ಹೋದಾಗ ಬ್ಯಾಂಕಿನವರು ಅದನ್ನೇ ನೋಡುತ್ತಾರೆ. ನಮ್ಮ ಸಾಲದ ವರದಿಯನ್ನು ಸಿಬಿಲ್‌ನಿಂದ ವರ್ಷಕ್ಕೊಮ್ಮೆ ಪುಕ್ಕಟೆ ತೆಗೆಸಿ ನೋಡಬಹುದು.

ಕಾರ್ಡ್ ಈಗಲೂ ಇದೆ. ಬಸ್ ಟಿಕೆಟ್, ರೀಚಾರ್ಜ್, ಪುಸ್ತಕ, ತಿಂಗಳಿಗೆ ಮೂರು ಸಾವಿರ ದಾಟುವುದಿಲ್ಲ. ಬಿಲ್ಲಿನ ದುಡ್ಡು ಖಾತೆಯಿಂದ ತಾನೇ ಹೋಗುವ ಹಾಗೆ ಆಟೊ ಪೇ ಹಾಕಿಟ್ಟಿದ್ದೇನೆ. ಅಲ್ಲೂ ಹುಷಾರು, 'ಮಿನಿಮಮ್' ಅಂತ ಒಂದು ಆಯ್ಕೆ ಇರುತ್ತದೆ, ಮುಟ್ಟಬೇಡಿ, 'ಟೋಟಲ್' ಒತ್ತಿ. ಎಟಿಎಂನಲ್ಲಿ ಈ ಕಾರ್ಡ್ ತೂರಿಸಲೇಬೇಡಿ, ಶುಲ್ಕ ಬೇರೆ, ಬಡ್ಡಿ ಅವತ್ತಿನಿಂದಲೇ. ಗೆಳತಿಯರು 'ನಿನ್ನ ಕಾರ್ಡಲ್ಲಿ ಬುಕ್ ಮಾಡೇ, ಆಮೇಲೆ ಹಾಕ್ತೀನಿ' ಅಂದರೆ ಈಗ ಮೊದಲು ಹಾಕಿಸಿಕೊಳ್ಳುತ್ತೇನೆ. ಜಿಪುಣಿ ಅಂತ ಹೆಸರೂ ಬಂದಿದೆ, ಇರಲಿ. ಕಾರ್ಡೇ ಬೇಡ ಅನ್ನಿಸಿದವರಿಗೆ ಒಂದು ಮಾತು: ಬಾಕಿ ಚುಕ್ತಾ ಮಾಡಿ ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ.

ಅದೇ ನಿರ್ದೇಶನದಲ್ಲಿ, ಕಾರ್ಡಿನ ನಿಯಮಗಳು ಗ್ರಾಹಕರಿಗೆ ಅರ್ಥವಾಗುವ ಸರಳ ಮಾತಿನಲ್ಲಿರಬೇಕು, ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂದೂ ಇದೆ. ಕನಿಷ್ಠ ಮಾತ್ರ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆ ನನ್ನ ಬಿಲ್‌ನಲ್ಲೂ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಎರಡನೇ ಪುಟದ ತಳದಲ್ಲಿ. ಬ್ಯಾಗು ಕೊಡುವ ಟೇಬಲಿನ ಮೇಲೆ ಅದನ್ನೇ ಕನ್ನಡದಲ್ಲಿ, ಒಂದು ಉದಾಹರಣೆ ಸಮೇತ, ಎದ್ದು ಕಾಣುವ ಹಾಗೆ ಬರೆದು ಹಾಕಲಿ. ಕ್ಯಾಂಪಸ್ಸಿನೊಳಗೆ ಜಾಗ ಕೊಡುವ ಪ್ರಾಂಶುಪಾಲರು ಇಷ್ಟನ್ನು ಷರತ್ತು ಮಾಡಬಹುದು, ಅಲ್ವಾ?

ಈ ವರ್ಷವೂ ಟೇಬಲ್ ಬಂದಿತ್ತು, ಹುಡುಗ ಬೇರೆ. ಅರ್ಜಿಯ ಹಿಂದುಗಡೆ ನನ್ನ 920ರ ಲೆಕ್ಕ ಬರೆದು ತೋರಿಸಿದೆ. ಅವನು ತುಂಬಾ ಹೊತ್ತು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, 'ಮೇಡಂ, ನಾನೂ ಎಂಟು ತಿಂಗಳಿಂದ ಮಿನಿಮಮ್ಮೇ ಕಟ್ತಾ ಇದೀನಿ' ಅಂದ.

— ಒಬ್ಬ ವಿದ್ಯಾರ್ಥಿನಿ, ಧಾರವಾಡ